ಸುಳಿ ಬಲ್ಲವರೂ ಗೊರಸು ಬಲ್ಲವರೂ

ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಸೀಮೆಗೆ ಬಂದಾಗ ಗುಡ್ಡಗಳ ಸಾಲೊಂದು ಅವಳಿಗೆ ಅಡ್ಡವಾಗಿ ನಿಲ್ಲುತ್ತದೆ. ಹೊಳೆಯು ಕಲ್ಲನ್ನು ಕೊರೆದು ದಾರಿ ಮಾಡಿಕೊಂಡ ಆ ಕಣಿವೆಗೇ ನವಿಲುತೀರ್ಥವೆಂದು ಹೆಸರು. 1970ರ ದಶಕದಲ್ಲಿ ಪೂರ್ತಿಗೊಂಡ ಅಣೆಕಟ್ಟು ಅಲ್ಲಿದೆ. ಅದರ ಹಿಂದೆ ನಿಂತ ನೀರಿಗೆ, ಗುಡ್ಡದ ಎಲ್ಲಮ್ಮನ ಇನ್ನೊಂದು ಹೆಸರು ಸೇರಿ, ರೇಣುಕಾಸಾಗರವೆಂಬ ಹೆಸರಾಗಿದೆ. ರಜೆಯ ದಿನಗಳಲ್ಲಿ ಪೇಟೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು ನೀರನ್ನೂ ಗುಡ್ಡವನ್ನೂ ನೋಡಿ ಹಿಂದಿರುಗುವುದುಂಟು.

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಬೆಳಗಾವಿ ಸೀಮೆಯ ದಾರಿಗಳಲ್ಲಿ ಇನ್ನೊಂದು ನೋಟವೂ ಕಾಣಸಿಗುತ್ತದೆ. ಕುರಿಗಾರರ ಹಿಂಡುಗಳು ಊರಿಂದೂರಿಗೆ ಸಾಗುತ್ತವೆ. ಒಂದು ರಾತ್ರಿ ಒಬ್ಬ ರೈತನ ಹೊಲದಲ್ಲಿ ಕುರಿ ನಿಲ್ಲಿಸಿದರೆ ಆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೆ ಕಾಸು. ಹಿಂಡಿನ ಜೊತೆಯಲ್ಲಿ ಗಿಡ್ಡ ಮೈಕಟ್ಟಿನ ಒಂದು ಕುದುರೆ ನಡೆಯುತ್ತಿರುತ್ತದೆ. ಪಾತ್ರೆ ಪಡಗ, ಕಂಬಳಿ, ಜೋಳದ ಚೀಲ, ಹಟ್ಟಿಗೆ ಕಟ್ಟುವ ಬಲೆ, ಅಂದೇ ಹುಟ್ಟಿದ ಕುರಿಮರಿ, ಕೆಲವೊಮ್ಮೆ ನಡೆಯಲಾರದ ಮಗು—ಇಷ್ಟೆಲ್ಲ ಅದರ ಬೆನ್ನಿನ ಮೇಲೆ. ಆ ಕುಟುಂಬಕ್ಕೆ ಕುದುರೆಯೇ ಗಾಡಿ, ಕುದುರೆಯೇ ಮನೆ. ಅದು ಕಾಲು ಮುರಿದುಕೊಂಡ ದಿನ ಸಂಸಾರವೇ ದಾರಿಯಲ್ಲಿ ಕುಳಿತುಬಿಡಬೇಕಾಗುತ್ತದೆ.

ಇಂಥ ಕುದುರೆಯನ್ನು ಸಾಕುವ ವಿದ್ಯೆಯನ್ನು ಕುರಿಗಾರನಿಗೆ ಕಲಿಸಿದವರು ಯಾರು? ಅವನ ಅಪ್ಪ, ಅವನ ಅಜ್ಜ. ಅವರಿಗೆ ಗೊತ್ತಿಲ್ಲದಿದ್ದ ಸಂಗತಿಯನ್ನು ಅವನು ಯಾರನ್ನು ಕೇಳಬೇಕು? ಈ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ.

ಈ ಸೀಮೆಗೆ ಕುದುರೆ ಹೊಸದೇನಲ್ಲ. ಇಲ್ಲಿಂದ ಬಹುದೂರವಿಲ್ಲದ ಬೆಳವಡಿಯ ಮಲ್ಲಮ್ಮ 17ನೆಯ ಶತಮಾನದಲ್ಲಿ ಶಿವಾಜಿಯ ಸೈನ್ಯವನ್ನು ಎದುರಿಸಿದಳೆಂದು ಹೇಳುವ ಜನರು ಅವಳನ್ನು ಕುದುರೆಯ ಮೇಲೆಯೇ ಕಲ್ಪಿಸಿಕೊಳ್ಳುತ್ತಾರೆ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಪಡೆಯನ್ನು ಸೋಲಿಸಿದ ಕಿತ್ತೂರ ಸಂಸ್ಥಾನದ ರಾಣಿ ಚೆನ್ನಮ್ಮ ಇಂದಿಗೂ ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯನ್ನೇರಿ ಖಡ್ಗ ಹಿಡಿದು ನಿಂತಿದ್ದಾಳೆ. ಪ್ರತಿಮೆಯಲ್ಲಿ ರಾಣಿ ಇದ್ದಾಳೆ, ಖಡ್ಗವಿದೆ, ಕುದುರೆಯೂ ಇದೆ. ಆ ಕುದುರೆಗೆ ಹುರುಳಿ ನೆನೆಹಾಕಿದವನು, ಗೊರಸು ಕೆತ್ತಿದವನು, ಅದು ಉಬ್ಬರ ಬಂದು ಒದ್ದಾಡಿದ ರಾತ್ರಿ ಲಾಯದಲ್ಲಿ ನಿದ್ದೆಗೆಟ್ಟವನು ಅಲ್ಲಿಲ್ಲ. ಶಿಲ್ಪಿಯದು ತಪ್ಪೆನ್ನಲಾಗದು. ಇತಿಹಾಸ ಬರೆಯುವವರೂ ಅವನನ್ನು ಕಂಡಿಲ್ಲ.

ವಿದ್ಯೆಯಿಲ್ಲದ ಕುದುರೆಯ ಬೆಲೆ

ಕುದುರೆಯನ್ನು ಕೊಳ್ಳುವುದಕ್ಕೆ ಹಣ ಸಾಕು. ಉಳಿಸಿಕೊಳ್ಳುವುದಕ್ಕೆ ವಿದ್ಯೆ ಬೇಕು. ದಕ್ಷಿಣ ದೇಶದ ಅರಸರು ಈ ಮಾತನ್ನು ತಿಳಿಯಲು ಬಹಳ ಹೊನ್ನನ್ನು ತೆತ್ತಿದ್ದಾರೆ.

13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ವೆನಿಸಿನ ಮಾರ್ಕೋಪೋಲೋ ಒಂದು ವಿಚಿತ್ರ ಸಂಗತಿಯನ್ನು ಹೇಳಿದ್ದಾನೆ. ಅಲ್ಲಿನ ಅರಸನು ವರ್ಷವರ್ಷವೂ ಸಾವಿರಾರು ಅರಬ್ಬೀ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ವರ್ಷ ತುಂಬುವ ಹೊತ್ತಿಗೆ ಅವುಗಳಲ್ಲಿ ನೂರು ಉಳಿದರೆ ಹೆಚ್ಚು. ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನ್ನಿಸಿ, ಆರೈಕೆಯ ಕ್ರಮ ತಿಳಿಯದೆ, ಕುದುರೆಗಳನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದರಂತೆ. ಒಳ್ಳೆಯ ಹೆಣ್ಣುಕುದುರೆಗೆ ಒಳ್ಳೆಯ ಗಂಡನ್ನು ಕೂಡಿಸಿದರೂ ಕಾಲು ಸೊಟ್ಟಗಿನ ಮರಿಗಳೇ ಹುಟ್ಟುತ್ತಿದ್ದುವೆಂದೂ ಅವನು ಬರೆದಿದ್ದಾನೆ. ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವ ಮಾತು ಇನ್ನೊಂದಿದೆ. ಕುದುರೆ ಮಾರುವ ವರ್ತಕರು ತಮ್ಮ ಕಡೆಯ ಅಶ್ವವೈದ್ಯರನ್ನು ಈ ದೇಶಕ್ಕೆ ಬರಗೊಡುತ್ತಿರಲಿಲ್ಲವಂತೆ. ವೈದ್ಯ ಬಂದರೆ ಕುದುರೆ ಬದುಕುತ್ತದೆ. ಕುದುರೆ ಬದುಕಿದರೆ ಮರುವರ್ಷ ಕೊಳ್ಳುವವರಿಲ್ಲ! ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ವಿದ್ಯೆಯನ್ನು ಬಚ್ಚಿಟ್ಟರೆ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕನ್ನಡ ನಾಡಿನಲ್ಲಿಯೂ ಇದೇ ಕಥೆ. 1470ರ ಸುಮಾರಿಗೆ ರಷ್ಯಾದಿಂದ ಹೊರಟು ಒಂದು ಗಂಡುಕುದುರೆಯನ್ನು ಮಾರಲೆಂದು ಹಡಗಿನಲ್ಲಿ ತಂದ ಅಫನಾಸಿ ನಿಕಿತಿನ್ ಎಂಬ ವರ್ತಕ, ಕೊನೆಗೆ ಅದನ್ನು ಬೀದರಿನಲ್ಲಿ ಮಾರಿದ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲವೆಂದೂ, ಕಡಲಾಚೆಯಿಂದ ಬಂದ ಕುದುರೆಗಳಿಗೆ ಇಲ್ಲಿ ಕಾಳನ್ನೂ ಎಣ್ಣೆ ಸಕ್ಕರೆ ಬೆರೆಸಿದ ಕಿಚಡಿಯನ್ನೂ ತಿನ್ನಿಸುತ್ತಾರೆಂದೂ ಅವನು ಬರೆದಿಟ್ಟಿದ್ದಾನೆ. ವಿಜಯನಗರದ ಕುದುರೆಗಳು ಭಟ್ಕಳ, ಗೋವೆಗಳಲ್ಲಿ ಇಳಿಯುತ್ತಿದ್ದುವು. ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸಿನ ನೂನಿಜ್, ಸುಮಾರು 1535ರಲ್ಲಿ ಬರೆಯುತ್ತ, ಸಾಳುವ ನರಸಿಂಹನ ಒಂದು ಕಟ್ಟಳೆಯನ್ನು ತಿಳಿಸಿದ್ದಾನೆ. ಆ ಅರಸನು ಬದುಕಿದ ಕುದುರೆಗೂ ಸತ್ತ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ವರ್ತಕನ ಕೈಗೆ ಹಣ ಬೀಳುತ್ತಿತ್ತು. ರಾಜ್ಯದ ಉಳಿವೇ ಕುದುರೆಯ ಮೇಲೆ ನಿಂತಿದ್ದ ಕಾಲ ಅದು. ಬಾಲಕ್ಕೆ ಬೆಲೆ ಕಟ್ಟುವುದು ಅರಸನಿಗೆ ಅನಿವಾರ್ಯವಾಗಿತ್ತು.

ತಾಳೆಗರಿಯ ಪಾಠ

ಹಾಗೆಂದು ಈ ದೇಶದಲ್ಲಿ ಅಶ್ವವಿದ್ಯೆಯೇ ಇರಲಿಲ್ಲವೆಂದು ತಿಳಿಯಬಾರದು. ಶಾಲಿಹೋತ್ರನ ಹೆಸರಿನಲ್ಲಿ ಒಂದು ಶಾಸ್ತ್ರವೇ ಬೆಳೆದಿತ್ತು. ಪಾಂಡವರಲ್ಲಿ ನಕುಲನನ್ನು ಅಶ್ವಶಾಸ್ತ್ರದ ಆಚಾರ್ಯನನ್ನಾಗಿ ಮಾಡಿ ಅವನ ಹೆಸರಿನಲ್ಲಿಯೂ ಗ್ರಂಥವನ್ನು ನಿಲ್ಲಿಸಿದರು. ಜಯದತ್ತನ ಅಶ್ವವೈದ್ಯಕ ಸಂಸ್ಕೃತದಲ್ಲಿ ಪ್ರಸಿದ್ಧವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ಜಾತಿ, ಲಕ್ಷಣ, ಚಿಕಿತ್ಸೆಗಳೂ, ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದವೂ ವಿವರವಾಗಿ ಬಂದಿವೆ. ಅದರ ಕಾಲ ಸುಮಾರು 1129.

ಕನ್ನಡವೂ ಹಿಂದೆ ಬೀಳಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯವನ್ನು ಬರೆದು ಪಶುಚಿಕಿತ್ಸೆಯನ್ನು ಕನ್ನಡಕ್ಕೆ ತಂದ. ಮುಂದೆ ಅಭಿನವಚಂದ್ರನೆಂಬವನು ಕುದುರೆಯ ವೈದ್ಯವನ್ನು ಕನ್ನಡದಲ್ಲಿ ಬರೆದ. ಮೈಸೂರು ಒಡೆಯರ ಕಾಲದಲ್ಲಿ ಪದ್ಮಣಪಂಡಿತನ ಹಯಸಾರಸಮುಚ್ಚಯ ಹುಟ್ಟಿತು. ಸಂಸ್ಕೃತ ಬಾರದ ಕನ್ನಡಿಗನಿಗೂ ಕುದುರೆಯ ಪಾಠ ದೊರೆಯಲೆಂಬ ಬಯಕೆ ಐದಾರು ನೂರು ವರ್ಷಗಳ ಹಿಂದೆಯೇ ಇದ್ದಿತೆಂಬುದಕ್ಕೆ ಇವು ಸಾಕ್ಷಿ.

ಈ ಬಗೆಯ ಶಾಸ್ತ್ರಗ್ರಂಥಗಳಲ್ಲಿ ಎರಡು ಪಾಲುಗಳಿರುತ್ತವೆ. ಒಂದು ಪಾಲು ಕೊಳ್ಳುವವನಿಗೆ: ಬಣ್ಣ ಯಾವುದು, ಸುಳಿ ಎಲ್ಲಿದೆ, ಹಣೆಯ ಸುಳಿ ಒಡೆಯನಿಗೆ ಏನು ತರುತ್ತದೆ, ಬೆನ್ನಿನ ಸುಳಿ ಏನು ತರುತ್ತದೆ ಇತ್ಯಾದಿ. ಇನ್ನೊಂದು ಪಾಲು ಸಾಕುವವನಿಗೆ: ಯಾವ ಋತುವಿನಲ್ಲಿ ಯಾವ ಮೇವು, ಹಲ್ಲಿನಿಂದ ವಯಸ್ಸನ್ನು ಅರಿಯುವ ಬಗೆ, ಶೂಲೆ ಬಂದರೆ ಏನು, ಗೊರಸು ಕೊಳೆತರೆ ಏನು ಎಂಬ ವಿವರ. ಕಾಲದ ವಿನೋದವನ್ನು ನೋಡಬೇಕು. ಮೊದಲನೆಯ ಪಾಲು ಜನರ ನಾಲಗೆಯ ಮೇಲೆ ಇಂದಿಗೂ ಉಳಿದಿದೆ. ಸಂತೆಯಲ್ಲಿ ಕುದುರೆ ಕೊಳ್ಳುವಾಗ ಸುಳಿ ನೋಡದೆ ಹಣ ಎಣಿಸುವವರು ವಿರಳ. ಎರಡನೆಯ ಪಾಲು ಮಾತ್ರ ಗ್ರಂಥಭಂಡಾರವನ್ನು ಸೇರಿತು. ಸಂಶೋಧಕರು ಅದನ್ನು ತೆಗೆದು ಪಾಠಾಂತರಗಳನ್ನು ಗುರುತಿಸುತ್ತಾರೆ; ಕುದುರೆಯ ಒಡೆಯನಿಗೆ ಅದು ಮುಟ್ಟಲಿಲ್ಲ. ಸುಳಿ ಬಲ್ಲವರು ಹಲವರಾದರು, ಗೊರಸು ಬಲ್ಲವರು ಕೆಲವರಾದರು.

ಸುಳಿಯಿಂದ ಕುದುರೆ ಕುಂಟುವುದಿಲ್ಲ, ಗೊರಸಿನಿಂದ ಕುಂಟುತ್ತದೆ. ಆದರೂ ಸುಳಿ ಕೆಟ್ಟದ್ದೆಂಬ ಒಂದೇ ಮಾತಿಗೆ ಬೆಲೆ ಅರ್ಧವಾಗಬಹುದು. ಗೊರಸು ಒಡೆದಿದ್ದರೆ ನೋಡುವವರೇ ಇಲ್ಲ.

ಲಾಯದ ಪುಸ್ತಕ, ಬಯಲಿನ ಬಾಯಿಮಾತು

ಕುದುರೆಯ ವಿದ್ಯೆ ಕನ್ನಡ ನಾಡಿನಲ್ಲಿ ವ್ಯವಸ್ಥಿತವಾಗಿ ಬೆಳೆದ ಸ್ಥಳವೊಂದಿದೆ. ತುಮಕೂರು ಜಿಲ್ಲೆಯ ಕುಣಿಗಲ್ಲು ಟಿಪ್ಪೂಸುಲ್ತಾನನ ಕಾಲದಿಂದ ಕುದುರೆ ಬೆಳೆಸುವ ಊರೆಂದು ಹೆಸರಾದುದು. ಮೊದಲು ದಂಡಿನ ಕುದುರೆಗಳು, ಅನಂತರ ಪಂದ್ಯದ ಕುದುರೆಗಳು. 1992ರಿಂದ ಮೂವತ್ತು ವರ್ಷಗಳ ಕಾಲ ಅದು ಖಾಸಗಿ ಗುತ್ತಿಗೆಯಲ್ಲಿದ್ದಿತು. ಪಂದ್ಯದ ಕುದುರೆಯ ಲೋಕದಲ್ಲಿ ಹುಟ್ಟಿದ ಪ್ರತಿಯೊಂದು ಮರಿಗೂ ತಂದೆ ಯಾರು, ತಾಯಿ ಯಾರು, ಅಜ್ಜ ಮುತ್ತಜ್ಜ ಯಾರು ಎಂಬುದು ವಂಶಾವಳಿಯ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಮೇವಿಗೆ ತೂಕ, ಲಸಿಕೆಗೆ ತಾರೀಖು, ಗೊರಸಿಗೆ ನುರಿತ ಲಾಳಗಾರ, ಬಸಿರಾದ ಕುದುರೆಗೆ ವೈದ್ಯನ ಕಾವಲು—ಎಲ್ಲವೂ ಕ್ರಮಬದ್ಧ.

ನವಿಲುತೀರ್ಥದ ಸೀಮೆಯ ಹೊರೆಕುದುರೆಯ ತಂದೆ ಯಾರೆಂಬುದು ಅದರ ಒಡೆಯನಿಗೂ ಅನೇಕ ವೇಳೆ ತಿಳಿದಿರುವುದಿಲ್ಲ. ದಾರಿಯಲ್ಲಿ ಸಿಕ್ಕ ಹಿಂಡಿನಲ್ಲಿದ್ದ ಗಂಡು ಅದರ ತಂದೆ. ಆದರೆ ಈ ಗಿಡ್ಡ ಕುದುರೆಯದು ಹೀನಕುಲವೇನಲ್ಲ. ಭೀಮಾನದಿಯ ಬಯಲಿನಲ್ಲಿ ಬೆಳೆದು ಮರಾಠರ ದಂಡನ್ನು ಹೊತ್ತು ತಿರುಗಿದ ದಖ್ಖನದ ಕುದುರೆ, ದಂಡು ಕರಗಿದ ಮೇಲೆ ಕುರಿಗಾರರ ಬಳಿಯಲ್ಲಿ ಉಳಿದುಕೊಂಡಿತು. ಭೀಮಥಡಿ ಎಂಬ ಹೆಸರಿನ ಆ ತಳಿಯನ್ನು ಪ್ರತ್ಯೇಕ ದೇಶೀ ತಳಿಯೆಂದು ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ನೋಂದಾಯಿಸಿದೆ. ಅರಸರು ಬಿಟ್ಟುದನ್ನು ಬಡವರು ಕಾಪಾಡಿದರು.

ಕಾಪಾಡುವವರೂ ಕಡಿಮೆಯಾಗುತ್ತಿದ್ದಾರೆ. 2012ರ ಜಾನುವಾರು ಗಣತಿಯಲ್ಲಿ ಭಾರತದ ಕುದುರೆ ತಟ್ಟುಗಳು ಆರು ಲಕ್ಷಕ್ಕೆ ಮೇಲ್ಪಟ್ಟಿದ್ದುವು. 2019ರ ಗಣತಿಯಲ್ಲಿ ಮೂರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಧಾರವಾಡ ಬೆಳಗಾವಿಗಳ ನಿಲ್ದಾಣಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಟಾಂಗಾಗಳು ಮೋಟಾರಿಗೆ ಎಡೆಕೊಟ್ಟುವು. ಉಳಿದವು ಕುರಿಗಾರನ ಕುದುರೆ, ಶರ್ಯತ್ತಿನ ಗಾಡಿಯ ಕುದುರೆ, ಮದುವೆಯ ಮೆರವಣಿಗೆಯ ಕುದುರೆ. ಇವುಗಳ ಒಡೆಯರೇ ಪಾಠ ಬೇಕಾದವರು.

ಪಾಠದಲ್ಲಿ ಇರಬೇಕಾದುದು

ಅಂಥ ಪಾಠ ದೊಡ್ಡದಾಗಬೇಕಿಲ್ಲ. ಎತ್ತು ಎಮ್ಮೆಗಳನ್ನು ಬಲ್ಲ ಮನೆತನದವನು ಕುದುರೆಯೂ ಅವುಗಳಂತೆಯೇ ಎಂದು ತಿಳಿಯುವುದು ಸಹಜ. ಅನೇಕ ಅನಾಹುತಗಳು ಅಲ್ಲಿಂದಲೇ ಆರಂಭವಾಗುತ್ತವೆ. ಎತ್ತಿಗೆ ನಾಲ್ಕು ಕೋಣೆಗಳ ದೊಡ್ಡ ಹೊಟ್ಟೆ. ಮೇದು ಬಂದು ಮಲಗಿ ಮೆಲುಕು ಹಾಕುತ್ತದೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಲು ಚಿಕ್ಕದು. ದೊಡ್ಡ ಕುದುರೆಯಲ್ಲಿಯೂ ಎಂಟರಿಂದ ಹದಿನೈದು ಲೀಟರು ಹಿಡಿದರೆ ಹೆಚ್ಚು. ಅದಕ್ಕೆ ಮೆಲುಕಿಲ್ಲ, ವಾಂತಿಯೂ ಇಲ್ಲ. ಹೊಟ್ಟೆಯಲ್ಲಿ ಕೆಟ್ಟದ್ದು ಸೇರಿದರೆ ಹೊರಬರುವ ದಾರಿ ಹಿಂದುಗಡೆಯದೊಂದೇ. ಆದುದರಿಂದ ಅದಕ್ಕೆ ಸ್ವಲ್ಪಸ್ವಲ್ಪವಾಗಿ ಪದೇ ಪದೇ ಮೇವು ಸಿಗಬೇಕು. ಇನ್ನೂರೈವತ್ತು ಕಿಲೋ ತೂಗುವ ತಟ್ಟಿಗೆ ದಿನಕ್ಕೆ ನಾಲ್ಕೈದು ಕಿಲೋ ಒಣಮೇವಾದರೂ ಬೇಕು. ಕಾಳು ಎಂದಿಗೂ ಮೇವಿಗೆ ಬದಲಾಗದು. ಹಗಲೆಲ್ಲ ಉಪವಾಸ ಕೆಡವಿ ರಾತ್ರಿ ಒಮ್ಮೆಗೇ ಬುಟ್ಟಿ ತುಂಬ ಕಾಳು ಸುರಿದರೆ ಹೊಟ್ಟೆಶೂಲೆ ಖಂಡಿತ. ಇಂಗ್ಲಿಷರು ಹುರುಳಿಗೆ ಕುದುರೆಯ ಕಾಳೆಂದೇ ಹೆಸರಿಟ್ಟರು. ಆದರೆ ಆ ಹುರುಳಿಯೂ ನೆನೆದು ಬೆಂದು ಹಿತಮಿತವಾಗಿ ಹೋಗಬೇಕು.

ಕುದುರೆ ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿದ್ದರೆ, ನೆಲ ಕೆರೆಯುತ್ತಿದ್ದರೆ, ಮಲಗಿ ಹೊರಳಾಡುತ್ತಿದ್ದರೆ, ಲದ್ದಿ ಹಾಕದಿದ್ದರೆ ಅದಕ್ಕೆ ಶೂಲೆ ಬಂದಿದೆಯೆಂದು ಅರಿಯಬೇಕು. ಆಗ ಮೇವನ್ನು ತೆಗೆದಿರಿಸಿ ವೈದ್ಯನಿಗೆ ಹೇಳಿಕಳುಹಬೇಕು. ಬಾಯಿಗೆ ಬಲವಂತವಾಗಿ ಎಣ್ಣೆ ಸುರಿಯುವುದು ಹಳ್ಳಿಗಳಲ್ಲಿ ವಾಡಿಕೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಶೂಲೆಯಿಂದ ಬದುಕಬಹುದಾಗಿದ್ದ ಕುದುರೆ ಮದ್ದಿನಿಂದ ಸಾಯುತ್ತದೆ.

ಗೋವಿನಜೋಳ ಬೆಳೆಯುವ ಊರುಗಳ ಒಡೆಯನಿಗೆ ತಿಳಿದಿರಬೇಕಾದ ಮತ್ತೊಂದು ಸಂಗತಿಯುಂಟು. ಬೂಷ್ಟು ಹಿಡಿದ ಗೋವಿನಜೋಳವನ್ನು ಎತ್ತು ತಿಂದು ಜೀರ್ಣಿಸಿಕೊಂಡೀತು. ಕುದುರೆಗೆ ಅದೇ ವಿಷ. ಆ ಬೂಷ್ಟಿನ ನಂಜು ಕುದುರೆಯ ಮಿದುಳನ್ನೇ ಕರಗಿಸಿಬಿಡುತ್ತದೆ. ನಿನ್ನೆ ಚೆನ್ನಾಗಿದ್ದ ಪ್ರಾಣಿ ಇಂದು ಕುರುಡಾದಂತೆ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಅದಕ್ಕೆ ಮದ್ದಿಲ್ಲ. ಕೋಳಿ ದನಗಳ ಸಿದ್ಧ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧವೂ ಕುದುರೆಯ ಹೃದಯಕ್ಕೆ ಮಾರಕ. ಹಣ ಉಳಿಯಿತೆಂದು ಮಾರುವವನ ಮಾತಿನಂತೆ ಕೋಳಿಯ ಆಹಾರ ತಂದವನು ಕುದುರೆಯನ್ನೇ ಕಳೆದುಕೊಂಡಾನು. ಹಾಳಾದ ಕಾಳನ್ನು ಬಡಪಶುವಿಗೆ ಹಾಕೋಣವೆಂಬ ಮನೆವಾರ್ತೆಯ ಜಾಣತನ ಇಲ್ಲಿ ನಡೆಯುವುದಿಲ್ಲ.

ಇನ್ನು ಗೊರಸು. ಅದು ಉಗುರಿನಂತೆ ಬೆಳೆಯುವ ಅಂಗ. ಆರೆಂಟು ವಾರಗಳಿಗೊಮ್ಮೆ ಕೆತ್ತಿ ಸಮ ಮಾಡದಿದ್ದರೆ ಕಾಲಿನ ಕೀಲುಗಳ ಮೇಲೆ ಭಾರ ತಪ್ಪಾಗಿ ಬೀಳುತ್ತದೆ. ದಿನದ ನಡಿಗೆ ಮುಗಿದ ಮೇಲೆ ನಾಲ್ಕು ಗೊರಸುಗಳನ್ನೂ ಎತ್ತಿ ನೋಡಿ ಕಲ್ಲು, ಮುಳ್ಳು, ಸೆಗಣಿಗಳನ್ನು ತೆಗೆಯುವುದಕ್ಕೆ ಒಂದು ಕೊಕ್ಕೆಯೂ ಕಾಲುಗಂಟೆಯೂ ಸಾಕು. ಮೊಳೆ ಚುಚ್ಚಿದ ಗಾಯ ಚಿಕ್ಕದೆಂದು ಬಿಡಬಾರದು. ಸಾಕುಪ್ರಾಣಿಗಳಲ್ಲೆಲ್ಲ ಧನುರ್ವಾಯುವಿಗೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆ. ಅದಕ್ಕೆ ಲಸಿಕೆ ಉಂಟು. ಒಂದು ಮೊಳೆಯ ದೆಸೆಯಿಂದ ಕುದುರೆಯನ್ನು ಕಳೆದುಕೊಳ್ಳಬೇಕಾದ ಅಗತ್ಯವಿಲ್ಲ.

ಮರಿ ಮಾಡಿಸುವ ವಿಷಯದಲ್ಲಿ ಒಡೆಯನು ಮೊದಲು ನೋಡಬೇಕಾದುದು ಹೆಣ್ಣಿನ ವಯಸ್ಸನ್ನು. ಮೂರು ವರ್ಷ ತುಂಬದ ಕುದುರೆ ತಾನೇ ಇನ್ನೂ ಬೆಳೆಯುತ್ತಿರುತ್ತದೆ. ಸುಮಾರು ಇಪ್ಪತ್ತೊಂದು ದಿನಗಳಿಗೊಮ್ಮೆ ಬೆದೆ ಬರುತ್ತದೆ. ಗರ್ಭದ ಅವಧಿ ಹನ್ನೊಂದು ತಿಂಗಳು. ಗಂಡಿನ ಎತ್ತರ ಮೈಬಣ್ಣಗಳನ್ನಷ್ಟೇ ನೋಡದೆ ಕಾಲುಗಳ ನೇರವನ್ನೂ ಸ್ವಭಾವವನ್ನೂ ನೋಡಬೇಕು; ಅದು ಹೆಣ್ಣಿನ ತಂದೆಯೋ ಅಣ್ಣನೋ ಆಗಿರಬಾರದು. ಕೂಡಿಸಿದ ದಿನವನ್ನು ಗೋಡೆಯ ಮೇಲಾದರೂ ಬರೆದಿಡಬೇಕು. ಕೊನೆಯ ತಿಂಗಳುಗಳಲ್ಲಿ ಹೊರೆಯನ್ನು ಇಳಿಸಬೇಕು.

ಮರಿ ಹುಟ್ಟಿದ ರಾತ್ರಿ ನೆನಪಿಡಬೇಕಾದ ಅಂಕಗಳು ಮೂರು: ಒಂದು, ಎರಡು, ಮೂರು. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆಯುಣ್ಣಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ವೈದ್ಯ ಬರಬೇಕು. ಎಮ್ಮೆಯ ಮಾಸು ತಡವಾದರೆ ಬೆಳಗಿನವರೆಗೆ ಕಾಯುವ ಮನೆಯವರು ಕುದುರೆಯ ವಿಷಯದಲ್ಲಿಯೂ ಕಾಯುತ್ತಾರೆ. ಕುದುರೆಗೆ ಆ ತಡವೇ ಪ್ರಾಣಾಂತಿಕ. ಗಿಣ್ಣದ ಹಾಲನ್ನು ಮರಿಗೆ ಬಿಡದೆ ಹಿಂಡಿ ಚೆಲ್ಲುವುದಂತೂ ಮಹಾಪಾತಕ. ತಾಯಿಯಿಂದ ಮರಿಗೆ ರೋಗ ತಡೆಯುವ ಶಕ್ತಿ ದೊರೆಯುವುದು ಆ ಹಾಲಿನಿಂದಲೇ, ಅದೂ ಹುಟ್ಟಿದ ಮೊದಲ ದಿನದಲ್ಲಿಯೇ.

ಬಚ್ಚಿಟ್ಟ ರೋಗ

ಕುದುರೆಯ ರೋಗಗಳಲ್ಲಿ ಕೆಲವು ನೊಣದಿಂದ ಬರುತ್ತವೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ದಂಡಿನ ಪಶುವೈದ್ಯನು ಅಂದಿನ ಪಂಜಾಬಿನಲ್ಲಿ ಕುದುರೆಗಳ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸರ್ರಾ ರೋಗದ ಕ್ರಿಮಿಯನ್ನು ಕಂಡುಹಿಡಿದನು. ಜ್ವರ ಬಿಟ್ಟು ಬಿಟ್ಟು ಬರುವುದು, ಕಾಲು ಹೊಟ್ಟೆಗಳು ಬಾಯುವುದು, ತಿನ್ನುತ್ತಿದ್ದರೂ ಮೈ ಇಳಿಯುವುದು ಅದರ ಲಕ್ಷಣ. ರಕ್ತ ಪರೀಕ್ಷಿಸಿ ಚುಚ್ಚುಮದ್ದು ಕೊಟ್ಟರೆ ಗುಣವಾಗುತ್ತದೆ. ದೃಷ್ಟಿಯಾಯಿತೆಂದು ನಿವಾಳಿಸಿದರೆ ಗುಣವಾಗುವುದಿಲ್ಲ. 1960ರಲ್ಲಿ ಪಶ್ಚಿಮ ಏಷ್ಯದಿಂದ ಭಾರತಕ್ಕೆ ಬಂದ ಆಫ್ರಿಕದ ಕುದುರೆ ಬೇನೆಯೂ ಸಣ್ಣ ನೊಣಗಳು ಹರಡಿದ್ದೇ. ಆ ಪಿಡುಗಿನಲ್ಲಿ ಏಷ್ಯದ ದೇಶಗಳು ಮೂರು ಲಕ್ಷಕ್ಕೆ ಮೇಲ್ಪಟ್ಟು ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕಳೆದುಕೊಂಡುವು.

ಎಲ್ಲಕ್ಕಿಂತ ಕಠಿನವಾದುದು ಗ್ಲ್ಯಾಂಡರ್ಸ್. ಮೂಗಿನಲ್ಲಿ ಕೀವು, ಚರ್ಮದ ಮೇಲೆ ಗಂಟು ಹುಣ್ಣುಗಳಾಗುವ ಈ ರೋಗ ಕುದುರೆಯಿಂದ ಮನುಷ್ಯನಿಗೂ ಅಂಟುತ್ತದೆ. ಮನುಷ್ಯನ ಪ್ರಾಣವನ್ನೂ ತೆಗೆಯುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವ 2009ರ ಕಾಯಿದೆಯ ಪ್ರಕಾರ ರೋಗದ ಸಂಶಯ ಬಂದೊಡನೆ ಒಡೆಯನು ಅದನ್ನು ತಿಳಿಸಬೇಕು. ರೋಗವಿರುವುದು ಪರೀಕ್ಷೆಯಿಂದ ಖಚಿತವಾದರೆ ಕುದುರೆಗೆ ಚಿಕಿತ್ಸೆಯಿಲ್ಲ. ನೋವಿಲ್ಲದಂತೆ ಅದನ್ನು ಕೊನೆಗಾಣಿಸುತ್ತಾರೆ. ಒಡೆಯನಿಗೆ ಪರಿಹಾರದ ಏರ್ಪಾಡು ಉಂಟು.

ಇಲ್ಲಿಯೇ ವಿದ್ಯೆಯ ನಿಜವಾದ ಪರೀಕ್ಷೆ. ಒಂದೇ ಕುದುರೆಯಿರುವ ಬಡವನಿಗೆ ಅದನ್ನು ತಾನಾಗಿ ಒಪ್ಪಿಸುವ ಧೈರ್ಯ ಎಲ್ಲಿಂದ ಬರಬೇಕು? ಕಾಯಿದೆಯ ಹೆಸರು ಮಾತ್ರ ಕೇಳಿದವನು ಕುದುರೆಯನ್ನು ರಾತ್ರೋರಾತ್ರಿ ಇನ್ನೊಂದು ಊರಿಗೆ ಸಾಗಿಸುತ್ತಾನೆ, ಇಲ್ಲವೆ ಸಂತೆಯಲ್ಲಿ ಮಾರುತ್ತಾನೆ. ರೋಗವೂ ಅದರ ಜೊತೆಯಲ್ಲಿ ನಡೆದುಹೋಗುತ್ತದೆ. ಅದೇ ಕುದುರೆಯ ಮಗ್ಗುಲಲ್ಲಿ ತನ್ನ ಮಗು ಮಲಗುತ್ತದೆಂಬುದನ್ನೂ, ಪರಿಹಾರ ಕೇಳುವ ಹಕ್ಕು ತನಗಿದೆಯೆಂಬುದನ್ನೂ ತಿಳಿದವನು ಬೇರೆ ರೀತಿ ಯೋಚಿಸಿಯಾನು. ಅವನಿಗೆ ಮೊದಲೇ ಹೇಳದೆ, ಬಚ್ಚಿಟ್ಟನೆಂದು ಆಮೇಲೆ ದೂರುವುದು ಸುಲಭ, ನ್ಯಾಯವಲ್ಲ.

ಯಾರಿಗಾಗಿ ಬರೆದದ್ದು?

ಇಂದು ಅಶ್ವವಿದ್ಯೆಗೆ ಕೊರತೆಯಿಲ್ಲ. ಹರಿಯಾಣದ ಹಿಸಾರಿನಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರ ಕುದುರೆಯ ರೋಗ, ತಳಿ, ಪೋಷಣೆಗಳ ಮೇಲೆ ಕೆಲಸ ಮಾಡುತ್ತಿದೆ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಕಾನೂನುಗಳೂ ಉಂಟು. ಹೊರೆ ಹೊರುವ ಪ್ರಾಣಿಗಳ ಬಗೆಗಿನ 1965ರ ನಿಯಮಗಳ ಪ್ರಕಾರ ತಟ್ಟಿನ ಬೆನ್ನಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. 37 ಡಿಗ್ರಿಗಿಂತ ಬಿಸಿಲು ಏರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ಒಳ್ಳೆಯ ನಿಯಮಗಳು! ಆದರೆ ಅವು ಬರೆಯಲ್ಪಟ್ಟಿರುವುದು ಇಂಗ್ಲಿಷಿನಲ್ಲಿ, ಕಚೇರಿಯ ಭಾಷೆಯಲ್ಲಿ. ಪಾಲಿಸಬೇಕಾದವನು ನಡೆಯುತ್ತಿರುವುದು ಮಲಪ್ರಭೆಯ ದಂಡೆಯಲ್ಲಿ, ಕನ್ನಡದಲ್ಲಿ.

ಪದ್ಮಣಪಂಡಿತನ ಕಾಲದಲ್ಲಿ ಕಾಗದ ದುರ್ಲಭ, ಅಚ್ಚುಕೂಟವಿಲ್ಲ. ಆದರೂ ಅಂಥವರು ಶಾಸ್ತ್ರವನ್ನು ಕನ್ನಡಕ್ಕೆ ತಂದರು. ಇಂದು ಇಪ್ಪತ್ತು ಪುಟಗಳ ಒಂದು ಕೈಪಿಡಿ, ಪುಟಕ್ಕೊಂದು ಚಿತ್ರ, ಬೆಳಗಾವಿ ಸೀಮೆಯ ಮಾತು—ಇಷ್ಟು ಸಾಕಾಗುತ್ತದೆ. ಓದಲು ಬಾರದವನಿಗೆ ಅವನ ಮಗಳು ಓದಿ ಹೇಳುತ್ತಾಳೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಸಂತೆಗಳು ವಾರವಾರವೂ ನೆರೆಯುತ್ತವೆ. ಅಲ್ಲಿ ಒಬ್ಬ ಪಶುವೈದ್ಯನೂ ಒಬ್ಬ ಲಾಳಗಾರನೂ ಜೀವಂತ ಕುದುರೆಯನ್ನು ಮುಂದಿಟ್ಟುಕೊಂಡು ಗೊರಸು ಎತ್ತಿ ತೋರಿಸಿದರೆ ಅದೇ ಪಾಠಶಾಲೆ. ಕೈಪಿಡಿ ಬರೆಯುವವರು ಕುರಿಗಾರನ ಮಾತನ್ನೂ ಕೇಳಬೇಕಾಗುತ್ತದೆ. ಯಾವ ಹುಲ್ಲು ಹಿತ, ಯಾವ ಕುದುರೆ ಬಿಸಿಲು ತಾಳುತ್ತದೆ, ಹೆದರಿದ ಪ್ರಾಣಿಯನ್ನು ಹೊಳೆ ದಾಟಿಸುವುದು ಹೇಗೆ ಎಂಬುದು ಪ್ರಯೋಗಶಾಲೆಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಪೇಟೆಯ ವಾಚಕರಿಗೂ ಇದರಲ್ಲಿ ಒಂದು ಪಾಲಿದೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಕುದುರೆಯ ಕಾಲುನೋವನ್ನು ಕಾಣುವವರು ಅಪರೂಪ. ಮದುವೆಯ ಮೆರವಣಿಗೆಗೆ ಕುದುರೆ ಗೊತ್ತುಮಾಡುವ ಮನೆಯವರು ಅದರ ಜರಿಯ ಹೊದಿಕೆಯನ್ನು ನೋಡಿ ಬೆಲೆ ಚೌಕಾಸಿ ಮಾಡುತ್ತಾರೆ. ಆ ಹೊದಿಕೆಯನ್ನು ಸ್ವಲ್ಪ ಸರಿಸಿ, ಜೀನಿನ ಕೆಳಗೆ ಹುಣ್ಣಿದೆಯೋ ಎಂದು ನೋಡಬಹುದು. ನಡಿಗೆಯಲ್ಲಿ ಕುಂಟಿದೆಯೋ ಎಂದು ಗಮನಿಸಬಹುದು. ಮೆರವಣಿಗೆ ಹೊರಡುವ ಮುನ್ನ ಒಂದು ಬಕೆಟ್ಟು ನೀರು ಇಡಬಹುದು. ಪಟಾಕಿಯನ್ನು ಅದರ ಕಾಲ ಬುಡದಲ್ಲಿ ಹಚ್ಚದಿರಬಹುದು. ಗುಣವಾಗಿ ಸಾಕಿದ ಕುದುರೆಗೆ ಹತ್ತು ರೂಪಾಯಿ ಹೆಚ್ಚು ಸಿಗುತ್ತದೆಂದು ಒಡೆಯನಿಗೆ ತಿಳಿದರೆ ಅದೂ ಅವನಿಗೊಂದು ಪಾಠವೇ ಆಗುತ್ತದೆ.

ಸಾಳುವ ನರಸಿಂಹನು ಸತ್ತ ಕುದುರೆಯ ಬಾಲಕ್ಕೂ ಪೂರ್ಣ ಬೆಲೆ ಕೊಟ್ಟನು, ವರ್ತಕನಿಗೆ ನಷ್ಟವಾಗಲಿಲ್ಲ. ನವಿಲುತೀರ್ಥದ ದಾರಿಯಲ್ಲಿ ಶೂಲೆ ಬಂದು ಬೀಳುವ ಕುದುರೆಯ ಬಾಲವನ್ನು ಕೊಳ್ಳಲು ಯಾವ ಅರಸನೂ ಕಾದಿಲ್ಲ. ಆ ನಷ್ಟವನ್ನು, ಪಾತ್ರೆ ಕಂಬಳಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮುಂದಿನ ಊರಿಗೆ ನಡೆಯಬೇಕಾದ ಕುರಿಗಾರನ ಹೆಂಡತಿಯೇ ಭರಿಸುತ್ತಾಳೆ.